ಕಂಬಳಿ ಕೊಪ್ಪೆಯಿಂದ ಯೂರಿಯಾ ಚೀಲದವರೆಗೆ: ನಮ್ಮ ತಲೆ ಕಾಯ್ದ ಎರಡು ಪದರದ ಕಥೆ

ಆಶ್ಲೇಷ ಮಳೆ ಹಿಡಿದ ದಿನ ಪಾಂಡವಪುರದ ಕಡೆಯ ಯಾವುದಾದರೂ ನಾಲೆ ಬಯಲಿಗೆ ಹೋಗಿ ನೋಡಿ. ನಾಟಿ ಹಾಕುವ ಹೆಂಗಸರು ಸಾಲಾಗಿ ಬಗ್ಗಿರುತ್ತಾರೆ. ಒಬ್ಬೊಬ್ಬರ ತಲೆಯಿಂದ ಸೊಂಟದವರೆಗೂ ಒಂದೊಂದು ಬಿಳಿ ಚೀಲ. ಚೀಲದ ಮೇಲೆ ಗೊಬ್ಬರದ ಕಂಪನಿಯ ಹೆಸರು, ಅದರ ಕೆಳಗೆ 45 ಕೆ.ಜಿ. ಅಂತ ಅಚ್ಚು. ಮಳೆ ಚೀಲದ ಮೇಲೆ ಪಟಪಟ ಬಡಿಯುತ್ತಿರುತ್ತದೆ, ಎರಡೂ ಕೈ ಪೈರಿನ ಕಟ್ಟಿನಲ್ಲಿರುತ್ತವೆ.

ಈ ಚೀಲಕ್ಕೆ ನಮ್ಮ ಕಡೆ ಒಂದು ಹೆಸರಿದೆ: ಕೊಪ್ಪೆ. ಅದನ್ನು ಹಾಕಿಕೊಳ್ಳುವುದನ್ನು ಯಾರೂ ಶಾಲೆಯಲ್ಲಿ ಕಲಿತಿಲ್ಲ. ಅವ್ವ ಹಾಕಿಕೊಂಡಿದ್ದನ್ನು ನೋಡಿ ಮಗಳು ಕಲಿತಳು. ಅವ್ವ ತನ್ನ ಅವ್ವನಿಂದ ಕಲಿತಿದ್ದಳು. ಆದರೆ ಆ ಅಜ್ಜಿಯ ತಲೆ ಮೇಲಿದ್ದದ್ದು ಪ್ಲಾಸ್ಟಿಕ್ ಅಲ್ಲ, ಗೋಣಿ. ಅವಳಿಗಿಂತ ಹಿಂದಿನವರದ್ದು ಕರಿ ಕಂಬಳಿ.

ಅರಮನೆ, ಕೋಟೆ, ದೇವಸ್ಥಾನಗಳ ಚರಿತ್ರೆಯನ್ನು ನಾವು ಬೇಕಾದಷ್ಟು ಓದಿದ್ದೇವೆ. ಈ ಬರಹ ಒಂದು ಮಡಿಕೆಯ ಚರಿತ್ರೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಜನ ಮಳೆ ಮತ್ತು ಚಳಿಯಲ್ಲಿ ತಮ್ಮ ತಲೆಯನ್ನು ಹೇಗೆ ಕಾಯ್ದುಕೊಂಡರು, ಅದರಲ್ಲಿ ಏನು ಉಳಿಯಿತು, ಏನು ಹೋಯಿತು ಎಂಬ ಲೆಕ್ಕ.

ಒಂದು ಮೂಲೆಯೊಳಗೆ ಇನ್ನೊಂದು ಮೂಲೆ

ಮೊದಲು ಕೊಪ್ಪೆ ಅಂದರೇನು ಎಂದು ಸರಿಯಾಗಿ ನೋಡೋಣ.

ಖಾಲಿ ಚೀಲ ತೆಗೆದುಕೊಳ್ಳಿ. ಅದರ ತಳದಲ್ಲಿ ಎರಡು ಮೂಲೆ ಇರುತ್ತವೆ. ಒಂದು ಮೂಲೆಯನ್ನು ಒಳಕ್ಕೆ ತಳ್ಳುತ್ತಾ ಹೋಗಿ, ಇನ್ನೊಂದು ಮೂಲೆಯೊಳಗೆ ಕೂರಿಸಿ. ಈಗ ಚೂಪಾದ ತುದಿಯ ಒಂದು ಟೋಪಿ ಸಿಕ್ಕಿತು. ಅದನ್ನು ತಲೆಗಿಟ್ಟರೆ ಉಳಿದ ಚೀಲ ಹೆಗಲು, ಬೆನ್ನಿನ ಮೇಲೆ ಇಳಿಬೀಳುತ್ತದೆ. ಅರ್ಧ ನಿಮಿಷದ ಕೆಲಸ. ಕತ್ತರಿ ಬೇಡ, ಸೂಜಿ ಬೇಡ. ಎಡ ಮೂಲೆ ಒಳಗೆ ಹೋದರೂ ಸರಿ, ಬಲ ಮೂಲೆ ಹೋದರೂ ಸರಿ. ಒಳಗಿನದನ್ನು ಹೊರಗೆ ಮಾಡಿಕೊಂಡರೂ ಕೊಪ್ಪೆ ಕೊಪ್ಪೆಯೇ.

ಕಂಬಳಿ ಚೀಲವಲ್ಲ, ಹಾಸು ಬಟ್ಟೆ. ಅದನ್ನು ಎರಡಾಗಿ ಮಡಿಸಿದರೆ ಮಡಿಕೆಯ ಕಡೆ ಎರಡು ಮೂಲೆ ಬರುತ್ತವೆ. ಅಲ್ಲಿಂದ ಮುಂದೆ ಇದೇ ರೀತಿ. ಜಾರದಂತೆ ಬೇಕಾದರೆ ಒಂದೆರಡು ಹೊಲಿಗೆ. ಹೊಲದಲ್ಲಿ ಅದು ಟೋಪಿ, ರಾತ್ರಿ ಬಿಚ್ಚಿದರೆ ಹೊದಿಕೆ, ಕುಳಿತರೆ ಹಾಸು.

ಗಮನಿಸಬೇಕಾದ್ದು ತಲೆಯ ಮೇಲಿನ ಜಾಗ. ಅಲ್ಲಿ ಬಟ್ಟೆ ಒಂದೇ ಪದರ ಇಲ್ಲ. ಮಳೆ ಹೆಚ್ಚು ಬಡಿಯುವ ನೆತ್ತಿಯ ಮೇಲೆ ಪದರದೊಳಗೆ ಪದರ ಇದೆ. ಹೊರಗಿನದು ನೆನೆದರೂ ಒಳಗಿನದು ಬಹಳ ಹೊತ್ತು ನೆನೆಯುವುದಿಲ್ಲ.

ಕೊಡೆ ಇದ್ದರೂ ನಾಟಿಗೆ ಕೊಡೆ ನಡೆಯುವುದಿಲ್ಲ. ಒಂದು ಕೈ ಕೊಡೆಗೆ ಹೋದರೆ ಪೈರು ನೆಡುವವರು ಯಾರು? ಬಗ್ಗಿದಾಗ ಮಳೆ ಬೀಳುವುದು ಬೆನ್ನಿಗೆ. ಬೆನ್ನು ಮುಚ್ಚಬೇಕು, ಕೈ ಬಿಡುವಾಗಿರಬೇಕು. ಕೊಪ್ಪೆ ಹುಟ್ಟಿದ್ದು ಈ ಲೆಕ್ಕದಲ್ಲಿ. ಮಲೆನಾಡಿನವರು ಇದೇ ಲೆಕ್ಕಕ್ಕೆ ಎಲೆ, ಬಿದಿರಿನಲ್ಲಿ ಗೊರಬು ಕಟ್ಟಿದರು. ಬಯಲು ಸೀಮೆಯ ನಮಗೆ ಕೈಗೆ ಸಿಕ್ಕಿದ್ದು ಕುರಿಯ ಉಣ್ಣೆ.

ಕಂಬಳಿ ಹುಟ್ಟುತ್ತಿದ್ದ ಬಗೆ

ಕಂಬಳಿ ಕುರುಬ ಸಮುದಾಯದ ಕೈಕೆಲಸ. ಕುರಿಯ ಉಣ್ಣೆ ಕತ್ತರಿಸಿ, ಕಸ ತೆಗೆದು, ಬಿಲ್ಲಿನಿಂದ ಹೊಡೆದು ಬಿಡಿಸಿ ಹದ ಮಾಡುತ್ತಿದ್ದರು. ನೂಲುವುದು ಹೆಚ್ಚಾಗಿ ಹೆಂಗಸರ ಕೆಲಸ. ಹಾಸಿನ ನೂಲನ್ನು ಬಯಲಲ್ಲಿ ಉದ್ದಕ್ಕೆ ಎಳೆದು ಕಟ್ಟಿ, ಹುಣಸೆ ಬೀಜದ ಗಂಜಿ ಬಳಿಯುತ್ತಿದ್ದರು. ನೂಲು ಮಗ್ಗದಲ್ಲಿ ಹರಿಯದಂತೆ ಗಟ್ಟಿಯಾಗುವುದು ಈ ಗಂಜಿಯಿಂದ. ಆಮೇಲೆ ಗಂಡಸರು ಮಗ್ಗದ ಮುಂದೆ ಕುಳಿತು ನೇಯುತ್ತಿದ್ದರು. ಬಣ್ಣ ಹಾಕುವ ಖರ್ಚಿಲ್ಲ. ಕರಿ ಕುರಿಯ ಉಣ್ಣೆಯೇ ಕರಿ ಕಂಬಳಿಯ ಬಣ್ಣ.

ಹೀಗೆ ನೇಯ್ದ ಬಟ್ಟೆಗೆ ಹಿಂದು ಮುಂದು ಎಂಬುದಿಲ್ಲ. ಎರಡೂ ಮೈ ಒಂದೇ. ಇವತ್ತು ಅಂಗಡಿಯಲ್ಲಿ ‘ಎರಡೂ ಕಡೆ ಹಾಕಿಕೊಳ್ಳಬಹುದು’ ಅಂತ ಹೆಚ್ಚು ಬೆಲೆ ಹೇಳಿ ಮಾರುವ ಗುಣ ನಮ್ಮ ಕಂಬಳಿಗೆ ಹುಟ್ಟಿನಿಂದಲೇ ಇತ್ತು.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಕಂಪನಿ ಸರ್ಕಾರದ ವೈದ್ಯ ಮದರಾಸಿನಿಂದ ಹೊರಟು ಮೈಸೂರು ಸೀಮೆ ಸುತ್ತಿದ. ಯಾವ ಊರಲ್ಲಿ ಏನು ಬೆಳೆಯುತ್ತಾರೆ, ಯಾವ ಜನ ಯಾವ ಕಸುಬು ಮಾಡುತ್ತಾರೆ ಎಂದು ಬರೆದಿಟ್ಟುಕೊಳ್ಳುವುದು ಅವನಿಗೆ ವಹಿಸಿದ್ದ ಕೆಲಸ. 1807ರಲ್ಲಿ ಅಚ್ಚಾದ ಅವನ ಪ್ರವಾಸದ ಪುಸ್ತಕದಲ್ಲಿ ಕುರುಬರೂ ಇದ್ದಾರೆ, ಅವರ ಕಂಬಳಿಯೂ ಇದೆ. ಇಂಗ್ಲಿಷರ ಬಾಯಲ್ಲಿ ಅದು ‘ಕಮ್ಲಿ’ ಆಯಿತು. ಆ ಕಾಲದ ಇಂಗ್ಲಿಷ್ ಬರಹಗಳಲ್ಲಿ ಈ ಪದ ಮತ್ತೆ ಮತ್ತೆ ಬರುತ್ತದೆ. ಕೂಲಿ, ಸಿಪಾಯಿ, ಗಾಡಿ ಹೊಡೆಯುವವ, ದನ ಕಾಯುವವ, ಇವರೆಲ್ಲರ ಹೆಗಲ ಮೇಲೆ ಅದು ಇದ್ದ ಕಾರಣ.

ಕಂಬಳಿಗೆ ಬಡವರ ಬಟ್ಟೆ ಎಂಬ ಹೆಸರೂ ಇತ್ತು, ದೇವರ ಮುಂದಿನ ಗೌರವವೂ ಇತ್ತು. ಕುರುಬರ ಮದುವೆ, ದೇವರ ಕಾರ್ಯಗಳಲ್ಲಿ ಇಂದಿಗೂ ಕರಿ ಕಂಬಳಿ ಹಾಸದೆ ಕೆಲಸ ಶುರುವಾಗುವುದಿಲ್ಲ. ‘ಕಂಬಳಿಯಲ್ಲಿ ಉಂಡು ಕೂದಲು ಹುಡುಕಿದ ಹಾಗೆ’ ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಕಂಬಳಿ ಎಷ್ಟು ಮನೆಮಾತಾಗಿತ್ತು ಎನ್ನುವುದಕ್ಕೆ ಆ ಗಾದೆಯೇ ಸಾಕ್ಷಿ.

ದರಿಯಾ ದೌಲತ್ ಗೋಡೆಯಲ್ಲಿ ಇಲ್ಲದ ತಲೆ

ಶ್ರೀರಂಗಪಟ್ಟಣಕ್ಕೆ ಹೋದವರು ದರಿಯಾ ದೌಲತ್ ನೋಡದೆ ಬರುವುದಿಲ್ಲ. 1784ರಲ್ಲಿ ಟಿಪ್ಪು ಕಟ್ಟಿಸಿದ ಆ ಬೇಸಿಗೆ ಅರಮನೆಯ ಪಶ್ಚಿಮದ ಗೋಡೆ ಮೇಲೆ 1780ರ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರ ಇದೆ. ಮುಂದಿನ ಸಲ ಹೋದಾಗ ಆನೆ ಕುದುರೆ ಬಿಟ್ಟು ಬರೀ ತಲೆಗಳನ್ನು ನೋಡಿ. ಪೇಟ, ರುಮಾಲು, ಬಿಳಿಯರ ಹ್ಯಾಟು, ಸಿಪಾಯಿಗಳ ಟೋಪಿ, ಎಲ್ಲವೂ ಸಾಲುಸಾಲಾಗಿ ಇವೆ. ಅದು ಯುದ್ಧದ ಚಿತ್ರ. ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದವನ ಕೊಪ್ಪೆಯನ್ನು ಅಲ್ಲಿ ಹುಡುಕುವಂತಿಲ್ಲ.

ಟಿಪ್ಪುವಿನದೆಂದು ಹೇಳುವ, ಬಟ್ಟೆಯ ಪದರಗಳನ್ನು ಸೇರಿಸಿ ಹೊಲಿದ ಶಿರಸ್ತ್ರಾಣವೊಂದು ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿದೆ. ದೊರೆಯ ತಲೆಯನ್ನು ಕತ್ತಿಯಿಂದ ಕಾಯಲು ಮಾಡಿದ ಪದರಗಳನ್ನು ಹಡಗಿನಲ್ಲಿ ಸಾಗಿಸಿ ಇನ್ನೂರು ವರ್ಷ ಜೋಪಾನ ಮಾಡಿದರು. ಒಕ್ಕಲಿನವನ ತಲೆಯನ್ನು ಮಳೆಯಿಂದ ಕಾಯ್ದ ಪದರ ಹರಿದು ಹೋಗುವವರೆಗೂ ಬಳಕೆಯಾಗಿ, ಕೊನೆಗೆ ಎಮ್ಮೆ ಕರುವಿನ ಬೆನ್ನಿಗೋ ಒಲೆಯ ಮುಂದಿನ ಹಾಸಿಗೋ ಆಯಿತು. ಕೊಪ್ಪೆ ಚರಿತ್ರೆಯಲ್ಲಿ ಕಾಣದಿರುವುದಕ್ಕೆ ಮುಖ್ಯ ಕಾರಣ ಇದು. ಬಳಸಿ ಮುಗಿಸಿದ ವಸ್ತು ಮ್ಯೂಸಿಯಂ ಸೇರುವುದಿಲ್ಲ.

ಕುಲಾವಿ: ಮನೆಯೊಳಗಿನ ಟೋಪಿ

ಹೊಲದಲ್ಲಿ ಕೊಪ್ಪೆ ಇದ್ದ ಹಾಗೆ ಮನೆಯೊಳಗೆ ಕೂಸಿಗೆ ಕುಲಾವಿ ಇತ್ತು. ಟೋಪಿಗೆ ಪಾರಸಿಯಲ್ಲಿ ‘ಕುಲಾಹ್’ ಎನ್ನುತ್ತಾರೆ. ನಮ್ಮ ಕುಲಾವಿ ಆ ಪದದಿಂದ ಬಂದದ್ದು. ಆಸ್ಥಾನದ ಭಾಷೆಯ ಪದವೊಂದು ತೊಟ್ಟಿಲವರೆಗೂ ಇಳಿದು ಬಂತು.

ಹಳೇ ಸೀರೆಯ ಮೆತ್ತನೆ ಬಟ್ಟೆಯನ್ನು ಒಳಗೆ ಕೊಟ್ಟು, ಹೊರಗೆ ಹೊಸ ಬಣ್ಣದ ಬಟ್ಟೆ ಇಟ್ಟು ಹೊಲಿದ ಕುಲಾವಿ ನಮ್ಮ ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿ ಇನ್ನೂ ಇದೆ. ಹೊಲಿಗೆಯ ಅಂಚು ಎರಡು ಪದರದ ನಡುವೆ ಅಡಗಿರುತ್ತದೆ. ಕೂಸಿನ ನೆತ್ತಿಗೆ ದಾರವಾಗಲಿ ಗಂಟಾಗಲಿ ತಾಗಬಾರದು ಎಂದು ಹೊಲಿದವಳ ಉಪಾಯ ಅದು. ಉಲ್ಲನ್ ಕಡ್ಡಿ ಊರಿಗೆ ಬಂದ ಮೇಲೆ ಅದೇ ಕುಲಾವಿಯನ್ನು ಹೆಣೆಯಲು ಕಲಿತರು.

ಹೆಣಿಗೆ ಬಂದ ದಾರಿ

ನೇಯ್ಗೆ ನಮ್ಮಲ್ಲಿ ಬಹಳ ಹಳೆಯದು. ಹಳೇ ಶಾಸನಗಳಲ್ಲಿ ಮಗ್ಗದೆರೆ ಅಂದರೆ ಮಗ್ಗದ ಮೇಲಿನ ತೆರಿಗೆ ಕಾಣುತ್ತದೆ. ಎರಡು ಕಡ್ಡಿ ಹಿಡಿದು ಉಲ್ಲನ್ ಹೆಣೆಯುವುದು ಹಾಗಲ್ಲ. ಅದು ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನವರ ಜೊತೆ, ಮಿಷನ್ ಶಾಲೆಗಳ ಜೊತೆ ನಮ್ಮ ಕಡೆ ಹರಡಿದ ಕೈಕೆಲಸ.

ಈ ದಾರಿಯಲ್ಲಿ ಶ್ರೀರಂಗಪಟ್ಟಣಕ್ಕೂ ಒಂದು ಪಾತ್ರ ಇದೆ. 1799ರ ಯುದ್ಧದ ನಂತರ ಇಂಗ್ಲಿಷ್ ಸೈನ್ಯ ಶ್ರೀರಂಗಪಟ್ಟಣದಲ್ಲೇ ನೆಲೆಯೂರಿತ್ತು. ಚಳಿಜ್ವರದ ಕಾಟ ತಡೆಯಲಾಗದೆ 1809ರಲ್ಲಿ ಅದನ್ನು ಬೆಂಗಳೂರಿಗೆ ಸಾಗಿಸಿದರು. ಹಾಗೆ ಬೆಳೆದದ್ದು ಬೆಂಗಳೂರು ದಂಡು ಪ್ರದೇಶ. ಅಲ್ಲಿ ಸೈನಿಕರಿದ್ದರು, ಅವರಿಗೆ ಉಣ್ಣೆ ಬಟ್ಟೆ ಬೇಕಿತ್ತು. 1884ರಲ್ಲಿ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿ ಶುರುವಾಯಿತು. ನಾವು ಬಿನ್ನಿ ಮಿಲ್ ಅಂತ ಕರೆಯುವ ಹೆಸರು ಅದಕ್ಕೆ ಅಂಟಿಕೊಂಡಿತು. ಕೈಮಗ್ಗದ ಕಂಬಳಿಯ ಪಕ್ಕಕ್ಕೆ ಗಿರಣಿಯ ಕಂಬಳಿ ಬಂದು ನಿಂತಿತು.

ಅದಕ್ಕೂ ಮುಂಚೆ ಸರ್ಕಾರ ಇನ್ನೊಂದು ಪ್ರಯತ್ನ ಮಾಡಿತ್ತು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ ಮೆರಿನೊ ಟಗರುಗಳನ್ನು ತರಿಸಿ ನಾಡ ಕುರಿಗಳ ಉಣ್ಣೆ ಸುಧಾರಿಸಲು ನೋಡಿದರು. ಮೆರಿನೊ ಉಣ್ಣೆ ರೇಷ್ಮೆಯಂತೆ ನಯ. ಆದರೆ ಆ ಕೆಲಸ ನೆಲೆ ನಿಲ್ಲಲಿಲ್ಲ. ನಮ್ಮ ಮಂಡ್ಯ ಕುರಿ, ಅಂದರೆ ಬನ್ನೂರು ಕುರಿ, ಮಾಂಸಕ್ಕೆ ಹೆಸರಾಯಿತೇ ಹೊರತು ಉಣ್ಣೆಗಲ್ಲ. ಅದರ ಮೈ ಕೂದಲು ಒರಟು. ಕಂಬಳಿಯ ಒಳ್ಳೆ ಉಣ್ಣೆ ಹೆಚ್ಚಾಗಿ ಚಿತ್ರದುರ್ಗ, ಚಳ್ಳಕೆರೆ ಕಡೆಯ ಒಣ ಸೀಮೆಯ ಕುರಿಗಳದ್ದು. ಇವತ್ತಿಗೂ ಕಂಬಳಿ ಅಂದರೆ ಜನ ಚಳ್ಳಕೆರೆ ಹೆಸರು ಹೇಳುವುದು ಅದಕ್ಕೇ.

ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಬರುವ ಗಂಡಸರ ತಲೆ ಮೇಲಿನ ಮಂಕಿ ಕ್ಯಾಪಿಗೂ ಒಂದು ಯುದ್ಧದ ನಂಟಿದೆ. 1854ರಲ್ಲಿ ರಷ್ಯಾದ ಕ್ರಿಮಿಯಾದಲ್ಲಿ ಇಂಗ್ಲಿಷರು ಯುದ್ಧ ಮಾಡುತ್ತಿದ್ದರು. ಅಲ್ಲಿನ ಚಳಿಗೆ ಸೈನಿಕರು ಒದ್ದಾಡುವುದನ್ನು ಕೇಳಿ ಇಂಗ್ಲೆಂಡಿನ ಹೆಂಗಸರು ಉಲ್ಲನ್ ಹೆಣೆದು ಕಳಿಸಿದರು. ಬಾಲಕ್ಲಾವ ಎಂಬುದು ಆ ಯುದ್ಧ ನಡೆದ ಊರು. ಮುಖ ಬಿಟ್ಟು ತಲೆ ಕುತ್ತಿಗೆ ಎರಡನ್ನೂ ಮುಚ್ಚುವ ಟೋಪಿಗೆ ಮುಂದೆ ಅದೇ ಹೆಸರು ಬಿತ್ತು. ನಮ್ಮಲ್ಲಿ ಅದು ಮಂಕಿ ಕ್ಯಾಪ್ ಆಯಿತು.

ಟೋಪಿಯನ್ನು ಕಾನೂನಿನಿಂದ ಹಾಕಿಸಿದ ಕಾಲವೂ ಇತ್ತು. ಇಂಗ್ಲೆಂಡಿನಲ್ಲಿ 1571ರಲ್ಲಿ ಒಂದು ಕಾಯಿದೆ ಬಂತು. ಆರು ವರ್ಷ ದಾಟಿದ ಸಾಮಾನ್ಯರೆಲ್ಲ ಭಾನುವಾರ ಮತ್ತು ಹಬ್ಬದ ದಿನ ಆ ದೇಶದಲ್ಲೇ ತಯಾರಾದ ಉಣ್ಣೆ ಟೋಪಿ ಹಾಕಬೇಕು, ಇಲ್ಲದಿದ್ದರೆ ದಂಡ. ಟೋಪಿ ಹೆಣೆಯುವವರ ಹೊಟ್ಟೆಪಾಡು ಉಳಿಸಲು ಮಾಡಿದ ಕಾನೂನದು. 1597ರಲ್ಲಿ ಅದನ್ನು ತೆಗೆದುಹಾಕಿದರು. 

ಕಟ್ಟೆ ಕಟ್ಟಿದರು, ಹುಲ್ಲುಗಾವಲು ಗದ್ದೆಯಾಯಿತು

ನಮ್ಮ ಸೀಮೆಯನ್ನು ಬದಲಿಸಿದ್ದು ನೀರು. ಶ್ರೀರಂಗಪಟ್ಟಣದ ಸುತ್ತ ಚಿಕ್ಕದೇವರಾಯ ನಾಲೆ, ವಿರಿಜಾ ನಾಲೆ, ಬಂಗಾರದೊಡ್ಡಿ ನಾಲೆ ಹಿಂದಿನಿಂದಲೂ ಇದ್ದವು. ಉಳಿದ ಬಹುಪಾಲು ನೆಲ ರಾಗಿ, ಹುರುಳಿ, ಹುಚ್ಚೆಳ್ಳಿನದು. ಕುರಿ ಮೇಯಲು ಬೀಳು, ಗೋಮಾಳ ಇತ್ತು.

1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. 1930ರ ದಶಕದ ಆರಂಭಕ್ಕೆ ಕಟ್ಟೆ ಪೂರ್ತಿಯಾಗಿ, ನಾಲೆಯ ನೀರು ಹುಲಿಕೆರೆ ಸುರಂಗ ದಾಟಿ ಮಂಡ್ಯ ಬಯಲಿಗೆ ಹರಿಯಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂತು. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯಾಯಿತು. ಹಿರೋಡೆ, ಫ್ರೆಂಚ್ ರಾಕ್ಸ್ ಎಂದೆಲ್ಲ ಕರೆಸಿಕೊಂಡಿದ್ದ ಊರು ಪಾಂಡವಪುರವಾಗಿ, ಅಲ್ಲೂ ಸಕ್ಕರೆ ಕಾರ್ಖಾನೆ ಎದ್ದಿತು. ಕೆ.ಆರ್.ಪೇಟೆ, ನಾಗಮಂಗಲದ ಕಡೆಗೆ ಹೇಮಾವತಿ ನೀರು ಬಂದದ್ದು ಬಹಳ ತಡವಾಗಿ. ನಾಗಮಂಗಲದ ಎಷ್ಟೋ ಹಳ್ಳಿ ಇನ್ನೂ ಮಳೆಯನ್ನೇ ನಂಬಿವೆ.

ನೀರು ಅನ್ನ ಕೊಟ್ಟಿತು, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಕೊಪ್ಪೆಯ ಕಥೆಯಲ್ಲಿ ಅದೇ ನೀರು ಎರಡು ಕೆಲಸ ಮಾಡಿತು. ಬೀಳು ನೆಲ ಗದ್ದೆಯಾಗಿ ಕುರಿಗೆ ಮೇವಿನ ಜಾಗ ಕಡಿಮೆಯಾಯಿತು. ಮಳೆಯಲ್ಲಿ ನಿಂತು ಮಾಡುವ ಕೆಲಸ ಮಾತ್ರ ಹೆಚ್ಚಾಯಿತು. ಭತ್ತದ ನಾಟಿ ಮಳೆಗಾಲದ ಕೆಲಸ, ಕಬ್ಬು ಕಡಿಯುವುದು ಚಳಿಗಾಲದ ನಸುಕಿನ ಕೆಲಸ. ಕೊಪ್ಪೆ ಬೇಕಾದ ತಲೆಗಳು ಹೆಚ್ಚಾದವು, ಕಂಬಳಿ ಕೊಡುವ ಕುರಿ ಕಡಿಮೆಯಾಯಿತು.

ಆ ಖಾಲಿ ಜಾಗವನ್ನು ತುಂಬಿದ್ದು ಗೋಣಿ. ಕಲ್ಕತ್ತದ ಹತ್ತಿರದ ರಿಶ್ರಾದಲ್ಲಿ 1855ರಲ್ಲಿ ದೇಶದ ಮೊದಲ ಸೆಣಬಿನ ಗಿರಣಿ ಶುರುವಾಗಿತ್ತು. ಅಲ್ಲಿಂದ ಮುಂದೆ ಅಕ್ಕಿ, ಸಕ್ಕರೆ, ಹಿಂಡಿ, ಗೊಬ್ಬರ ಎಲ್ಲವೂ ಸೆಣಬಿನ ಚೀಲದಲ್ಲಿ ಬಂದವು. ಖಾಲಿ ಚೀಲಕ್ಕೆ ಹೆಚ್ಚು ಬೆಲೆ ಇಲ್ಲ. ಮೂಲೆ ತಳ್ಳಿದರೆ ಕೊಪ್ಪೆ ಸಿದ್ಧ. ನೆನೆದರೆ ಮಣಭಾರ, ಆದರೂ ಒಂದಿಷ್ಟು ಬೆಚ್ಚಗೆ.

ಆಮೇಲೆ ಸೆಣಬೂ ಹೋಯಿತು. ಗೊಬ್ಬರ ಪ್ಲಾಸ್ಟಿಕ್ ಎಳೆಯ ಚೀಲದಲ್ಲಿ ಬರತೊಡಗಿತು. ಹಗುರ, ನೀರು ಹೀರುವುದಿಲ್ಲ, ಪುಕ್ಕಟೆ. ಜನ ಅದನ್ನೂ ಅದೇ ರೀತಿ ಮಡಿಸಿದರು. ಕಂಬಳಿ, ಗೋಣಿ, ಪ್ಲಾಸ್ಟಿಕ್, ಮೂರು ಕಾಲದ ಮೂರು ವಸ್ತು. ಮಡಿಕೆ ಒಂದೇ.

ಮಡಿಕೆ ಉಳಿಯಿತು, ಬಿಸಿ ಹೋಯಿತು

ಇಲ್ಲಿ ನಾವು ಕಳೆದುಕೊಂಡದ್ದು ಏನು?

ಉಣ್ಣೆಯ ಎಳೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲಿನಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಹಾಗೆ ತೇವ ಹೀರುವಾಗ ಅದು ಸ್ವಲ್ಪ ಬಿಸಿಯನ್ನೂ ಬಿಡುತ್ತದೆ. ಎಳೆ ಗುಂಗುರಾದ್ದರಿಂದ ಎಳೆಗಳ ನಡುವೆ ಗಾಳಿ ನಿಲ್ಲುತ್ತದೆ. ನಿಂತ ಗಾಳಿ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಎರಡು ಪದರ ಮಾಡಿದರೆ ಪದರಗಳ ನಡುವೆ ಇನ್ನೊಂದು ಗಾಳಿ ಪದರ ಸೇರುತ್ತದೆ. ಕಂಬಳಿ ಕೊಪ್ಪೆಯ ಬೆಚ್ಚಗಿನ ಗುಟ್ಟು ಇಷ್ಟೇ.

ಪ್ಲಾಸ್ಟಿಕ್ ಕೊಪ್ಪೆ ಮಳೆ ತಡೆಯುತ್ತದೆ, ಚಳಿ ತಡೆಯುವುದಿಲ್ಲ. ಒಳಗೆ ಬೆವರು ಕಟ್ಟಿ, ಕೆಲಸ ನಿಲ್ಲಿಸಿದ ಕೂಡಲೇ ಮೈ ತಣ್ಣಗಾಗುತ್ತದೆ. ನಾಟಿ ಮುಗಿಸಿ ಬಂದ ಅವ್ವ ಒಲೆ ಮುಂದೆ ನಡುಗುತ್ತಾ ಕೂರುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ದೇಹದ ಅರ್ಧ ಬಿಸಿ ತಲೆಯಿಂದಲೇ ಹೋಗುತ್ತದೆ ಎಂಬ ಮಾತು ವಾಟ್ಸಾಪಿನಲ್ಲಿ ಓಡಾಡುತ್ತಿರುತ್ತದೆ. ಅದು ಸರಿಯಲ್ಲ. ದೊಡ್ಡವರಲ್ಲಿ ತಲೆ ದೇಹದ ಮೇಲ್ಮೈಯ ಸುಮಾರು ಹತ್ತನೇ ಒಂದು ಪಾಲು, ಬಿಸಿ ಹೋಗುವುದೂ ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ. ಆದರೆ ಕೂಸುಗಳ ತಲೆ ಮೈಗೆ ಹೋಲಿಸಿದರೆ ದೊಡ್ಡದು. ವಯಸ್ಸಾದವರಿಗೆ ತಲೆಗೂದಲು ಕಡಿಮೆ, ಮೈಯಲ್ಲಿ ಬಿಸಿ ಹುಟ್ಟುವುದೂ ಕಡಿಮೆ. ಕೂಸು ಮತ್ತು ತಾತ ಅಜ್ಜಿಯರಿಗೆ ಟೋಪಿ ನಿಜಕ್ಕೂ ಬೇಕು.

ಈಗ ಸಂತೆಯಲ್ಲಿ ಸಿಗುವ ‘ಉಲ್ಲನ್’ ಟೋಪಿಗಳಲ್ಲಿ ಬಹುಪಾಲು ಅಕ್ರಿಲಿಕ್. ಅದೂ ಒಂದು ಬಗೆ ಪ್ಲಾಸ್ಟಿಕ್ ನೂಲೇ. ಪಂಜಾಬಿನ ಲೂಧಿಯಾನ ಇಂಥ ಟೋಪಿ, ಸ್ವೆಟರುಗಳ ದೊಡ್ಡ ಊರು. 1960ರ ದಶಕದ ಆರಂಭದಲ್ಲಿ ಬೈಲುಕುಪ್ಪೆಗೆ ಬಂದು ನೆಲೆಸಿದ ಟಿಬೆಟ್ ಜನರಲ್ಲಿ ಹಲವರು ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ವ್ಯಾಪಾರ ಮಾಡುವುದನ್ನು ನೀವೂ ಕಂಡಿರುತ್ತೀರಿ. ಅಕ್ರಿಲಿಕ್ ಕೆಟ್ಟದ್ದೇನಲ್ಲ, ಒಣ ಚಳಿಗೆ ಸಾಕು. ಆದರೆ ಉಣ್ಣೆ ಅಂತ ಬೆಲೆ ಹೇಳಿದರೆ ಪರೀಕ್ಷೆ ಮಾಡಿ. ಒಂದು ಎಳೆ ಕಿತ್ತು, ಮನೆಯ ಹೊರಗೆ ಎಚ್ಚರದಿಂದ ಬೆಂಕಿಗೆ ಹಿಡಿಯಿರಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಂತಾದರೆ ಅಕ್ರಿಲಿಕ್.

ಇನ್ನೊಂದು ಕಡೆ ಕುರಿ ಸಾಕುವವರಿಗೆ ಒರಟು ಉಣ್ಣೆ ಈಗ ಹೊರೆಯಾಗಿದೆ. ಎಷ್ಟೋ ಕಡೆ ಕತ್ತರಿಸುವ ಕೂಲಿಯೂ ಹುಟ್ಟದೆ ಉಣ್ಣೆಯನ್ನು ತಿಪ್ಪೆಗೆ ಹಾಕುತ್ತಾರೆ. ಉಣ್ಣೆ ತಿಪ್ಪೆಯಲ್ಲಿ, ಪ್ಲಾಸ್ಟಿಕ್ ತಲೆಯ ಮೇಲೆ. ಮೊದಲು ಒಂದು ಕೊಪ್ಪೆಯ ದುಡ್ಡು ಕುರಿ ಕಾಯುವವನಿಗೆ, ನೂಲುವವಳಿಗೆ, ನೇಯುವವನಿಗೆ ಹಂಚಿಹೋಗುತ್ತಿತ್ತು. ಈಗ ಆ ಮೂವರಲ್ಲಿ ಯಾರಿಗೂ ಏನೂ ಇಲ್ಲ.

ಅದೇ ಉಪಾಯ, ಕಡ್ಡಿಯಲ್ಲಿ

ಉತ್ತರ ಯುರೋಪಿನ ಚಳಿ ದೇಶಗಳಲ್ಲಿ ಎರಡು ಪದರದ ಒಂದು ಉಣ್ಣೆ ಟೋಪಿ ಹೆಣೆಯುತ್ತಾರೆ. ಅದನ್ನು ಮಾಡುವ ರೀತಿ ಕೇಳಿದರೆ ನಮ್ಮ ನಾಟಿ ಹೆಂಗಸರು ನಗುತ್ತಾರೆ. ಎರಡೂ ತುದಿ ಮುಚ್ಚಿದ ಒಂದು ಉದ್ದ ಚೀಲ ಹೆಣೆಯಬೇಕು. ಒಂದು ತುದಿಯನ್ನು ಇನ್ನೊಂದು ತುದಿಯೊಳಗೆ ತಳ್ಳಬೇಕು. ಕೊಪ್ಪೆಯ ಉಪಾಯವೇ.

ಉಲ್ಲನ್ ಹಾಕಲು ಬರುವವರಿಗೆ ಲೆಕ್ಕ ಹೇಳುತ್ತೇವೆ. 10 ಸೆಂ.ಮೀ. ಅಗಲಕ್ಕೆ 20 ಕುಣಿಕೆ ಬರುವ ನೂಲು ಮತ್ತು ಕಡ್ಡಿ ಇರಲಿ. ದೊಡ್ಡವರ ತಲೆ ಸುತ್ತಳತೆ ಸುಮಾರು 56 ಸೆಂ.ಮೀ. ಟೋಪಿ ಹಿಗ್ಗುವುದರಿಂದ 50 ಸೆಂ.ಮೀ.ಗೆ, ಅಂದರೆ 100 ಕುಣಿಕೆಗೆ ಹೆಣೆದರೆ ಸಾಕು.

10 ಕುಣಿಕೆಯಿಂದ ಶುರು ಮಾಡಿ. ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ 10 ಕುಣಿಕೆ ಸಮನಾಗಿ ಹೆಚ್ಚಿಸುತ್ತಾ 100ಕ್ಕೆ ತನ್ನಿ. ಇದು ನೆತ್ತಿ. ಆಮೇಲೆ ಹೆಚ್ಚಿಸದೆ ನೆಟ್ಟಗೆ 38 ಸೆಂ.ಮೀ. ಹೆಣೆಯಿರಿ. ಕಿವಿಯ ಮೇಲೆ ಅಂಚು ಮಡಿಸಬೇಕೆಂದರೆ 50 ಸೆಂ.ಮೀ. ಮಾಡಿ. ಆಗ ಕಿವಿಯ ಮೇಲೆ ನಾಲ್ಕು ಪದರ ಬರುತ್ತದೆ. ಅರ್ಧಕ್ಕೆ ಬಂದಾಗ ಬಣ್ಣ ಬದಲಿಸಿದರೆ ಒಂದು ಕಡೆ ಒಂದು ಬಣ್ಣ, ತಿರುಗಿಸಿದರೆ ಇನ್ನೊಂದು. ಕೊನೆಗೆ ಹೆಚ್ಚಿಸಿದ ಲೆಕ್ಕದಲ್ಲೇ ಇಳಿಸುತ್ತಾ ಬಂದು 10 ಕುಣಿಕೆ ಉಳಿದಾಗ ನೂಲು ಪೋಣಿಸಿ ಎಳೆದು ಮುಚ್ಚಿ. ಮುಚ್ಚುವ ಮೊದಲು ಗಂಟು, ಬಾಲದ ನೂಲುಗಳನ್ನೆಲ್ಲ ಚೀಲದೊಳಗೆ ಬಿಡಿ. ಒಂದು ತುದಿಯನ್ನು ಇನ್ನೊಂದರೊಳಗೆ ತಳ್ಳಿದರೆ ಅವು ಎರಡು ಪದರದ ನಡುವೆ ಕಾಣದೆ ಹೋಗುತ್ತವೆ. ಎರಡೂ ಮೈ ನಯವಾಗಿ ಕಾಣುವುದು ಅದಕ್ಕೇ. ಕುಲಾವಿ ಹೊಲಿದ ಅಜ್ಜಿ ಮಾಡಿದ್ದೂ ಇದನ್ನೇ.

ಸುತ್ತಿನಲ್ಲಿ ಹೆಣೆಯಲು ಬಾರದವರು ಎರಡು ಕಡ್ಡಿಯಲ್ಲಿ ಪಟ್ಟಿಯಾಗಿ ಹೆಣೆದು ಪಕ್ಕ ಹೊಲಿಯಬಹುದು. ಹೊಲಿಗೆಯ ದಪ್ಪ ಒಳಗೇ ಅಡಗುತ್ತದೆ. ನೂಲು 150 ಗ್ರಾಂ ಹತ್ತಿರ ಇಟ್ಟುಕೊಳ್ಳಿ.

ನಮ್ಮ ಸ್ತ್ರೀಶಕ್ತಿ ಸಂಘಗಳಲ್ಲಿ ಸ್ವೆಟರ್, ಕುಲಾವಿ ಹಾಕಲು ಬರುವ ಕೈಗಳು ಬೇಕಾದಷ್ಟಿವೆ. ನಾಡ ಉಣ್ಣೆ ಒರಟು, ಚರ್ಮಕ್ಕೆ ಚುಚ್ಚುತ್ತದೆ. ಹೊರ ಪದರಕ್ಕೆ ಅದನ್ನು ಹಾಕಿ, ಒಳ ಪದರಕ್ಕೆ ಮೆತ್ತನೆ ನೂಲು ಕೊಟ್ಟರೆ ಚುಚ್ಚುವುದಿಲ್ಲ. ಎರಡು ಪದರದ ದೊಡ್ಡ ಅನುಕೂಲ ಇದು. ಹೇಮಗಿರಿ ಜಾತ್ರೆಗೆ, ಬೇಬಿ ಬೆಟ್ಟದ ಜಾತ್ರೆಗೆ ದನ ಕಟ್ಟಿಕೊಂಡು ಹೋಗಿ ಚಳಿಯಲ್ಲಿ ರಾತ್ರಿ ಕಳೆಯುವವರು ಇದ್ದಾರೆ. ಕಬ್ಬು ಕಡಿಯುವವರು, ಆಲೆಮನೆಯವರು, ನಸುಕಿಗೆ ಡೇರಿಗೆ ಹೋಗುವವರು ಇದ್ದಾರೆ. ಕೊಳ್ಳುವವರನ್ನು ದೂರ ಹುಡುಕಬೇಕಿಲ್ಲ.

ಇವತ್ತು ಸಂಜೆ ಕೇಳಿ

ಶಿವರಾತ್ರಿಗೆ ಚಳಿ ಶಿವಶಿವ ಅಂತ ಹೋಗುತ್ತೆ ಎನ್ನುತ್ತಾರೆ. ಅದಕ್ಕೆ ಮುಂಚೆ ಒಂದು ಕೆಲಸ ಮಾಡಿ. ಮನೆಯಲ್ಲಿರುವ ತಾತನನ್ನೋ ಅಜ್ಜಿಯನ್ನೋ ಕೂರಿಸಿಕೊಂಡು ಕೇಳಿ: ನಿಮ್ಮ ಕಾಲದಲ್ಲಿ ಕಂಬಳಿ ಎಲ್ಲಿಂದ ಬರುತ್ತಿತ್ತು? ಯಾರು ನೇಯುತ್ತಿದ್ದರು? ಎಷ್ಟು ಕೊಟ್ಟಿರಿ, ದುಡ್ಡೋ ರಾಗಿಯೋ? ಎಷ್ಟು ವರ್ಷ ಬಾಳಿಕೆ ಬಂತು? ಕೊಪ್ಪೆ ಹಾಕುವುದನ್ನು ಮಾಡಿ ತೋರಿಸಿ ಅನ್ನಿ. ಫೋನಿನಲ್ಲಿ ಅದನ್ನು ಹಿಡಿದಿಡಿ.

ಅಟ್ಟದ ಮೇಲೆ, ಪೆಟ್ಟಿಗೆಯ ತಳದಲ್ಲಿ ಹಳೇ ಕರಿ ಕಂಬಳಿ ಇದ್ದರೆ ಎಸೆಯಬೇಡಿ. ಬಿಸಿಲಿಗೆ ಹಾಕಿ, ಕೊಡವಿ, ಬೇವಿನ ಎಲೆ ಇಟ್ಟು ಮಡಿಸಿಡಿ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಕೋಟೆಯ ಕಲ್ಲು ಕಾಯಲು, ದೇವಸ್ಥಾನದ ಕಂಬ ಕಾಯಲು ಸರ್ಕಾರದ ಇಲಾಖೆಗಳಿವೆ. ಆ ಕಂಬಳಿಯನ್ನು ಕಾಯಬೇಕಾದವರು ನೀವೇ.